ಚೆಂಡುಹೂವಿನ ನಂಬರು

ದಾಂಡೇಲಿಯ ಬಂಗೂರನಗರದ ಹಿಂದಿನ ಓಣಿಯಲ್ಲಿ ಪರಸಪ್ಪನ ಮಾತಿಗೆ ಎದುರಾಡುವವರು ಬೇಕಾದಷ್ಟು ಜನ ಇದ್ದರು. ಮಳೆ ಯಾವಾಗ ಬರುತ್ತದೆ, ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ, ಈ ಸಲದ ಎಲೆಕ್ಷನ್ನಿನಲ್ಲಿ ಯಾರು ಗೆಲ್ಲುತ್ತಾರೆ, ಇಂಥ ವಿಷಯಗಳಲ್ಲಿ ಅವನು ಹೇಳಿದ್ದನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದರು. ಆದರೆ ಗಾಡಿ ನಂಬರಿನ ಮಾತು ಬಂತೆಂದರೆ ಎಲ್ಲರ ಬಾಯಿ ಬಂದ್. ಕಾಗದ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕೂತು, ಒಳಗೆ ಹೋಗುವ ಬಿದಿರಿನ ಲಾರಿಗಳ ನಂಬರನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆದ ಮನುಷ್ಯ ಅವನು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಆ ಚಟ ಬಿಟ್ಟಿರಲಿಲ್ಲ. ಮದುವೆಗೆ ಹೋಗಿ ಬಂದರೆ ಮದುಮಗಳ ಹೆಸರು ಮರೆತಿರುತ್ತಿದ್ದ, ದಿಬ್ಬಣದ ಬಸ್ಸಿನ ನಂಬರು ಮರೆತಿರುತ್ತಿರಲಿಲ್ಲ.

ಇಂಥ ಪರಸಪ್ಪನ ಮನೆಯ ಗೇಟಿನ ಬಲಗಂಬವನ್ನು ಎರಡು ಸಾವಿರದ ಎಂಟನೇ ಇಸವಿಯ ಜೂನ್ ತಿಂಗಳಲ್ಲಿ ಒಂದು ರಾತ್ರಿ ಯಾವುದೋ ಟೆಂಪೊ ಗುದ್ದಿ ಕೆಡವಿ ಹೋಯಿತು. ಆ ಕಂಬಕ್ಕೆ ಅವನು ಕರಿಕಲ್ಲಿನ ಫಲಕ ಹಾಕಿಸಿ, ಅದರಲ್ಲಿ ತನ್ನ ಹೆಸರನ್ನೂ ಹೆಸರಿನ ಕೆಳಗೆ ‘ನಿವೃತ್ತ ಗೇಟ್ ಕ್ಲಾರ್ಕ್’ ಎಂಬುದನ್ನೂ ಕೆತ್ತಿಸಿದ್ದ. ಸದ್ದಿಗೆ ಎದ್ದು ಹೊರಗೆ ಓಡಿ ಬರುವಷ್ಟರಲ್ಲಿ ಟೆಂಪೊ ಓಣಿಯ ತುದಿ ಸೇರಿತ್ತು. ಮೇಲೆ ನೀಲಿ ತಾಡಪಾಲು ಹೊದಿಸಿತ್ತು, ಹಿಂದಿನ ಕೆಂಪು ದೀಪಗಳಲ್ಲಿ ಎಡಗಡೆಯದು ಸತ್ತಿತ್ತು. ಫಲಕ ‘ನಿವೃತ್ತ’ಕ್ಕೆ ಸರಿಯಾಗಿ ಎರಡು ಹೋಳಾಗಿ ಬಿದ್ದಿತ್ತು.

ಬೆಳಿಗ್ಗೆ ಓಣಿಯ ಮೂಲೆಯಲ್ಲಿರುವ ಅಡಿವೆಯ್ಯನ ಚಹಾದಂಗಡಿಯಲ್ಲಿ ಯಾರೋ, ನಂಬರು ನೋಡಿದಿರೇನು ಎಂದು ಕೇಳಿದರು. ಪರಸಪ್ಪನಿಗೆ ಇಂಥ ಪ್ರಶ್ನೆ ಕೇಳುವುದೇ ತಪ್ಪು. ಅವನು ರಿಜಿಸ್ಟರು ಓದಿದ ಹಾಗೆ ಕೆಎ ಮೂವತ್ತೊಂದು, ನಲವತ್ತು ಎಪ್ಪತ್ತೇಳು ಎಂದುಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಒಮ್ಮೆಲೇ ಒಂದು ಕಡೆ ತಿರುಗಿದರು. ಯಾಕೆಂದರೆ ಅದು ಜ್ಯೋತಿಬಾನ ಟೆಂಪೊ, ಮತ್ತು ಜ್ಯೋತಿಬಾ ಅಲ್ಲೇ ಚಹಾದ ಗ್ಲಾಸು ಹಿಡಿದು ನಿಂತಿದ್ದ.

ಜ್ಯೋತಿಬಾ ಖಾನಾಪುರದ ಕಡೆಯವನು, ಪರಸಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಮೊದಲು ಕಾರ್ಖಾನೆಗೆ ಬಿದಿರು ತರುವ ಲಾರಿ ಓಡಿಸುತ್ತಿದ್ದ, ಈಗ ಸ್ವಂತ ಟೆಂಪೊ ಇಟ್ಟಿದ್ದ. ಅವನ ಮನೆ ಪರಸಪ್ಪನ ಮನೆಯ ಎದುರಿಗೇ. ಅವನು ಜಗಳಕ್ಕೆ ಬರಲಿಲ್ಲ. ತನ್ನ ಗಾಡಿ ರಾತ್ರಿಯೆಲ್ಲ ಮನೆ ಮುಂದೆಯೇ ನಿಂತಿತ್ತು, ಎರಡೂ ದೀಪ ಉರಿಯುತ್ತವೆ, ಬೇಕಾದರೆ ಬಂದು ನೋಡಿ ಎಂದ. ಪರಸಪ್ಪ ಹೋಗಿ ನೋಡಿದ. ಎರಡೂ ಉರಿದವು. ಮುಂಜಾನೆ ಎದ್ದು ಬಲ್ಬು ಹಾಕಿರಬೇಕು ಎಂದು ಅಲ್ಲೇ ತೀರ್ಪು ಕೊಟ್ಟ. ಓಣಿಯವರು ತೀರ್ಪನ್ನು ಒಪ್ಪಿದರು. ಮೂವತ್ತೊಂದು ವರ್ಷದಲ್ಲಿ ತಪ್ಪದ ನಂಬರು ತನ್ನ ಕಂಬದ ವಿಷಯದಲ್ಲೇ ತಪ್ಪುತ್ತದೆಯೇ?

ಅಲ್ಲಿಂದ ಶುರುವಾದದ್ದು ಗಣಪತಿಯ ತನಕ ಬಂತು. ಓಣಿಯ ಗಣಪ ಒಂಬತ್ತು ವರ್ಷ ಜ್ಯೋತಿಬಾನ ಟೆಂಪೊದಲ್ಲೇ ಕಾಳಿ ನದಿಗೆ ಹೋಗುತ್ತಿದ್ದ. ಜ್ಯೋತಿಬಾ ಆ ದಿನ ಬಾಡಿಗೆ ಬಿಟ್ಟು, ಗಾಡಿ ತೊಳೆದು, ಮಾವಿನ ತೋರಣ ಕಟ್ಟಿ, ಹೊಸ ಟೊಪ್ಪಿಗೆ ಹಾಕಿಕೊಂಡು ಇರುವೆಗಿಂತ ನಿಧಾನ ಓಡಿಸುತ್ತಿದ್ದ. ಈ ವರ್ಷ ಗಣಪತಿ ಮಂಡಳದವರು ಪಕ್ಕದ ಮೌಳಂಗಿಯಿಂದ ಒಂದು ಟ್ರ್ಯಾಕ್ಟರು ತರಿಸಿದರು. ಕಂಬ ಕೆಡವಿ ಓಡಿದವನ ಗಾಡಿಯಲ್ಲಿ ದೇವರನ್ನು ಹೇಗೆ ಕೂರಿಸುವುದು ಎಂದರಂತೆ. ಮೆರವಣಿಗೆ ದಾಟುವ ತನಕ ಜ್ಯೋತಿಬಾ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಪರಸಪ್ಪ ಅದನ್ನು ನೋಡಿದ, ನೋಡಿ ಬೇರೆ ಕಡೆ ಮುಖ ತಿರುಗಿಸಿದ.

ಅವನ ಹೆಂಡತಿ ಮಾಲವ್ವ ಮುಖ ತಿರುಗಿಸುವ ಜಾತಿಯವಳಲ್ಲ. ಜ್ಯೋತಿಬಾನ ಹೆಂಡತಿ ಮಧುಮತಿಯೂ ಅವಳೂ ಒಂದೇ ಮಾಳಿಗೆಯ ಮೇಲೆ ಶಂಡಿಗೆ ಇಟ್ಟವರು, ಒಂದೇ ಒರಳಿನಲ್ಲಿ ಖಾರ ಕುಟ್ಟಿದವರು. ಈಗ ಮಧುಮತಿ ನೀರಿಗೆ ಹೋಗುವಾಗಲೂ ಓಣಿಯ ಆ ಬದಿಯಿಂದಲೇ ಹೋಗುತ್ತಿದ್ದಳು. ಮಾಲವ್ವ ಗಂಡನಿಗೆ ದಿನಕ್ಕೆರಡು ಸಲ ಬೈಯುತ್ತಿದ್ದಳು. ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ.

ಕ್ಯಾಮೆರಾದ ಮಾತು ತೆಗೆದವನು ಜ್ಯೋತಿಬಾನೇ. ಗಣಪತಿ ಮುಳುಗಿಸಿದ ಮರುದಿನ ಅವನು ಚಹಾದಂಗಡಿಯಲ್ಲಿ ಎಲ್ಲರ ಎದುರಿಗೆ ಹೇಳಿದ.

“ಹಳಿಯಾಳ ಕಡಿಂದ ರಾತ್ರಿ ಬರೋ ಗಾಡಿ ನಮ್ಮ ಓಣಿಗೆ ದಾರಿ ತಪ್ಪಿ ಬರ್ತಾವ, ಪರಸಣ್ಣ. ಒಮ್ಮೆ ತಪ್ಪಿದವ ಮತ್ತೂ ತಪ್ಪತಾನ. ಅವತ್ತಿಗೆ ಒಂದ ಕಣ್ಣ ಇಡ್ರಿ. ನಿಮ್ಮದ ಬಿಟ್ಟು ಬ್ಯಾರೆ ಕಣ್ಣ.”

ಬೇರೆ ಕಣ್ಣು ಎಂಬ ಮಾತು ಪರಸಪ್ಪನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಯಾಕೆಂದರೆ ಎರಡು ವರ್ಷದಿಂದ ಅವನ ಕಣ್ಣು ಮೊದಲಿನ ಹಾಗಿರಲಿಲ್ಲ. ಹಗಲಿಗೆ ಹೇಗೋ ನಡೆಯುತ್ತಿತ್ತು, ಸಂಜೆಯಾದ ಮೇಲೆ ದೀಪಗಳೆಲ್ಲ ಎಳೆಎಳೆಯಾಗಿ ಒಡೆದು ಕಾಣುತ್ತಿದ್ದವು. ಮಾಲವ್ವನಿಗೂ ಹೇಳಿರಲಿಲ್ಲ. ನಂಬರು ಓದುವ ಕಣ್ಣೇ ಹೋಯಿತೆಂದರೆ ಪರಸಪ್ಪನಲ್ಲಿ ಇನ್ನೇನು ಉಳಿಯಿತು ಎಂದು ಅವನಿಗೆ ಹೆದರಿಕೆ. ಹಾಗಂತ ಆ ಬೆಳಿಗ್ಗೆ ಅವನು ಸುಳ್ಳು ಹೇಳಿರಲಿಲ್ಲ. ನಂಬರು ನೋಡಿದೆ ಎಂದೇ ಅವನ ನಂಬಿಕೆ. ಆ ನಂಬಿಕೆಗೆ ಒಂದು ಸಾಕ್ಷಿ ಸಿಕ್ಕಿಬಿಟ್ಟರೆ ರಾತ್ರಿ ನಿದ್ದೆ ಬರುತ್ತದೆ ಎನ್ನಿಸಿತು.

ಹಳಿಯಾಳದಲ್ಲಿ ಸುಭಾಷ ಎಂಬವನ ಅಂಗಡಿ ಇತ್ತು. ಮೊದಲು ಆಂಟೆನಾ ಮಾರಿದ, ಆಮೇಲೆ ಡಿಶ್ ಮಾರಿದ, ಸಿಡಿ ಪ್ಲೇಯರು ರಿಪೇರಿ ಮಾಡಿದ, ಈಗ ಕಾವಲು ಕ್ಯಾಮೆರಾ ಮಾರುತ್ತಿದ್ದ. ಪರಸಪ್ಪ ಹೋದವನೇ ಎಲ್ಲಕ್ಕಿಂತ ದೊಡ್ಡದು ಕೊಡು ಎಂದ. ಸುಭಾಷ ದೊಡ್ಡದು ಚಿಕ್ಕದು ಎಂದು ಇರುವುದಿಲ್ಲ ಕಾಕಾ ಎನ್ನುತ್ತ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟ. ಒಂದು ಗುಂಡಗೆ, ಬೋರಲು ಹಾಕಿದ ಬಟ್ಟಲಿನ ಹಾಗೆ. ಇನ್ನೊಂದು ಉದ್ದಕ್ಕೆ ಬ್ಯಾಟರಿ ಟಾರ್ಚಿನ ಹಾಗೆ, ಮುಖದ ಸುತ್ತ ಸಣ್ಣ ಸಣ್ಣ ದೀಪ. ಮೂರನೆಯದು ಬಹಳ ಅಗ್ಗ, ಕೆಂಪು ಲೈಟು ಮಿಣಕ್ ಮಿಣಕ್ ಎನ್ನುತ್ತಿತ್ತು. ಇದರ ಗುಣವೇನು ಎಂದು ಕೇಳಿದರೆ, ಇದರೊಳಗೆ ಏನೂ ಇಲ್ಲ, ಕಳ್ಳರನ್ನು ಹೆದರಿಸಲಿಕ್ಕೆ ಅಷ್ಟೇ ಎಂದ ಸುಭಾಷ. ಇಂಥ ಮೇಲಧಿಕಾರಿಗಳನ್ನು ಬಹಳ ನೋಡಿದ್ದೇನೆ, ಇದನ್ನು ಒಳಗಿಡು ಎಂದ ಪರಸಪ್ಪ.

ತನಗೆ ಬೇಕಾದದ್ದು ಎರಡು ಎಂದು ಹೇಳಿದ. ರಾತ್ರಿ ಹೊತ್ತು ಗೇಟು, ಅಂಗಳ, ಓಣಿ ಎಲ್ಲ ಒಂದೇ ನೋಟಕ್ಕೆ ಕಾಣಬೇಕು. ಬಂದ ಗಾಡಿಯ ನಂಬರೂ ಅದರಲ್ಲೇ ಕಾಣಬೇಕು. ಸುಭಾಷ ತಲೆಯಾಡಿಸಿ, ಅದು ಒಂದು ಕ್ಯಾಮೆರಾದ ಕೆಲಸವಲ್ಲ ಎಂದ. ಎಲ್ಲವನ್ನೂ ನೋಡುವ ಕ್ಯಾಮೆರಾಗೆ ಎಲ್ಲವೂ ಸಣ್ಣದಾಗಿ ಕಾಣುತ್ತದೆ, ಅದರಲ್ಲಿ ನಂಬರು ಹುಡುಕಿದರೆ ಇರುವೆಯ ಕಾಲು ಎಣಿಸಿದ ಹಾಗೆ. ನಂಬರಿಗೆ ಬೇರೆಯದೇ ಬೇಕು. ಅದು ಒಂದು ಮೊಳದ ಜಾಗ ಮಾತ್ರ ನೋಡುತ್ತದೆ, ಬೇರೆ ಏನೂ ನೋಡುವುದಿಲ್ಲ.

“ಎರಡ ಯಾಕ ಬೇಕೋ? ಗೇಟಿನ್ಯಾಗ ನಾ ಒಬ್ಬನ ಲಾರಿನೂ ನೋಡ್ತಿದ್ದೆ, ನಂಬರೂ ಓದ್ತಿದ್ದೆ.”

“ಗೇಟಿನ್ಯಾಗ ಲಾರಿ ನಿಲ್ಲತಿತ್ತಲ್ರಿ ಕಾಕಾ,” ಎಂದ ಸುಭಾಷ. “ನೀವು ಬ್ಯಾಟರಿ ಹಿಡಕೊಂಡ ಹತ್ತರ ಹೋಗಿ ಓದ್ತಿದ್ರಿ. ಕತ್ತಲ್ಯಾಗ ಓಡೋ ಗಾಡಿ ನಂಬರ ದೂರ ನಿಂತು ಎಂದರ ಓದೀರೇನು?”

ಸುಭಾಷ ಅಂಗಡಿಯ ಹೊರಗೆ ಹಾಕಿದ್ದ ಕ್ಯಾಮೆರಾದ ಹಿಂದಿನ ರಾತ್ರಿಯ ಚಿತ್ರ ತೋರಿಸಿದ. ಬಸ್ಸೊಂದು ಬಂತು. ಬರಬರುತ್ತ ಅದರ ಹೆಡ್‌ಲೈಟು ಹಿಗ್ಗಿ ಹಿಗ್ಗಿ ಪರದೆಯೆಲ್ಲ ಹಾಲು ಚೆಲ್ಲಿದ ಹಾಗಾಯಿತು, ಬಸ್ಸೇ ಕಾಣದಾಯಿತು. ಬೆಳಕು ಬಿದ್ದರೆ ಸಾದಾ ಕ್ಯಾಮೆರಾ ಹೀಗೆ ಕುರುಡಾಗುತ್ತದೆ ಎಂದು ಸುಭಾಷ ವಿವರಿಸುತ್ತಿದ್ದ. ಪರಸಪ್ಪನಿಗೆ ವಿವರಣೆ ಬೇಕಿರಲಿಲ್ಲ. ಎರಡು ವರ್ಷದಿಂದ ಅವನ ಕಣ್ಣಿಗೆ ಬಸ್ಸುಗಳು ಹೀಗೇ ಕಾಣುತ್ತಿದ್ದವು. ಎರಡೂ ಕೊಡು ಎಂದುಬಿಟ್ಟ.

ಅಗಲ ನೋಟದ್ದನ್ನು ಮಾಳಿಗೆಯ ತುದಿಗೆ ಹಾಕಿದರು. ನಂಬರಿನದನ್ನು ಹೊಸ ಬಲಗಂಬದ ಪಕ್ಕ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ ಸೊಂಟದೆತ್ತರಕ್ಕೆ ಕೂರಿಸಿದರು. ಅದನ್ನೂ ಮಾಳಿಗೆಗೇ ಹಾಕು, ಎತ್ತರದಿಂದ ಚೆನ್ನಾಗಿ ಕಾಣುತ್ತದೆ ಎಂದು ಪರಸಪ್ಪ ಹಟ ಮಾಡಿದ್ದ. ಮೇಲಿನಿಂದ ನೋಡಿದರೆ ಮನುಷ್ಯರ ಬೋಳುತಲೆ ಕಾಣುತ್ತದೆ, ಗಾಡಿಯ ನಂಬರು ಕಾಣುವುದಿಲ್ಲ ಎಂದು ಸುಭಾಷ ಪರಸಪ್ಪನ ತಲೆಯ ಕಡೆ ನೋಡದೆ ಹೇಳಿದ. ಕತ್ತಲಾದ ಮೇಲೆ ತಾನೇ ಮೋಟರ್ ಸೈಕಲ್ಲಿನ ಮೇಲೆ ಏಳು ಸಲ ಗೇಟಿನ ಮುಂದೆ ಹಾದುಹೋಗಿ ಪರೀಕ್ಷೆ ಮಾಡಿದ. ಆರು ಸಲ ಬೆಳಕಿನ ಉಂಡೆ ಬಂತು. ಏನೇನೋ ತಿರುವಿ, ಚಿತ್ರವನ್ನೆಲ್ಲ ಕಪ್ಪು ಮಾಡಿ, ನಂಬರು ಪಟ್ಟಿಯೊಂದೇ ಹೊಳೆಯುವಂತೆ ಮಾಡಿದ ಮೇಲೆ ಏಳನೆಯ ಸಲ ನಂಬರು ಅಚ್ಚು ಹಾಕಿದ ಹಾಗೆ ಬಂತು. ಪರಸಪ್ಪ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಅದನ್ನು ಗಟ್ಟಿಯಾಗಿ ಓದಿದ.

ಟಿವಿ ಮಾಲವ್ವನದು. ಅದರಲ್ಲಿ ಈಗ ಎರಡು ಚಿತ್ರ ಅಕ್ಕಪಕ್ಕ ಬರುತ್ತಿದ್ದವು, ಧಾರಾವಾಹಿ ಬೇಕಾದರೆ ಗುಂಡಿ ಒತ್ತಿ ಬದಲಿಸಬೇಕು. ಮೊದಲ ದಿನ ಅವಳು ಕೂಗಾಡಿದಳು. ಮೂರನೆಯ ದಿನಕ್ಕೆ ಧಾರಾವಾಹಿ ಬಿಟ್ಟು ಓಣಿಯನ್ನೇ ನೋಡಲು ಕೂತಳು. ಯಾರು ಯಾರ ಮನೆಗೆ ಹೋದರು, ಯಾರ ಕೈಯಲ್ಲಿ ಏನಿತ್ತು ಎಲ್ಲ ಅವಳಿಗೆ ಗೊತ್ತಾಗತೊಡಗಿತು. ಮುಂಜಾನೆ ಎಂಟಕ್ಕೆ ಮಧುಮತಿ ಕೊಡ ಹಿಡಿದು ಹೊರಬರುವ ಹೊತ್ತಿಗೆ ಮಾಲವ್ವ ಎಲ್ಲ ಕೆಲಸ ಬಿಟ್ಟು ಟಿವಿಯ ಮುಂದಿರುತ್ತಿದ್ದಳು. ಎದುರಿನ ಮನೆಯ ಗೆಳತಿಯನ್ನು ಟಿವಿಯಲ್ಲಿ ನೋಡುವ ಗತಿ ಬಂತಲ್ಲ ಎಂದು ಒಂದು ದಿನ ಕಣ್ಣೀರು ಹಾಕಿದಳು. ಪರಸಪ್ಪನಿಗೆ ಆ ದಿನದ ಎರಡು ಬೈಗುಳವೂ ಸಿಗಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

ದಿನಗಳು ಹೋದವು, ಟೆಂಪೊ ಬರಲಿಲ್ಲ. ಮಹಾನವಮಿ ಬಂತು. ಆ ದಿನ ಖಂಡೇಪೂಜೆ. ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ವಿಭೂತಿ, ಕುಂಕುಮ, ಹೂವು ಏರಬೇಕು. ಮಾಲವ್ವ ಈಳಿಗೆ, ಕುಡಗೋಲು, ಹೊಲಿಗೆ ಯಂತ್ರ, ಸೈಕಲ್ಲು, ಮಿಕ್ಸರು ಎಲ್ಲವನ್ನೂ ಪೂಜಿಸಿ ಮುಗಿಸಿದಳು. ಪರಸಪ್ಪ ಸ್ನಾನ ಮಾಡಿ ಬಂದು ಟಿವಿ ಹಚ್ಚಿದರೆ ಒಂದು ಬದಿಯಲ್ಲಿ ಮೂರು ಅಡ್ಡ ಪಟ್ಟೆ, ಇನ್ನೊಂದು ಬದಿಯೆಲ್ಲ ಕೆಂಪು. ಕ್ಯಾಮೆರಾದ ಚಿತ್ರ ಹಿಡಿದಿಡುವ ಪೆಟ್ಟಿಗೆ ಕೆಟ್ಟಿತೆಂದು ಸುಭಾಷನಿಗೆ ಫೋನು ಮಾಡಿದ. ಸುಭಾಷ ನಾಲ್ಕು ಪ್ರಶ್ನೆ ಕೇಳಿ, ಐದನೆಯದಾಗಿ ಇವತ್ತು ಯಾವ ದಿನ ಕಾಕಾ ಎಂದು ಕೇಳಿದ.

ಮಾಲವ್ವ ಕೆಳಗಿನ ಕ್ಯಾಮೆರಾದ ಗಾಜಿಗೆ ಸರಿಯಾಗಿ ನಡುಮಧ್ಯ ರೂಪಾಯಿಯಗಲ ಕುಂಕುಮ ಹಚ್ಚಿದ್ದಳು. ಮಾಳಿಗೆಯದು ಕೈಗೆ ಎಟುಕದೆ, ಬಿದಿರಿನ ಗಳಕ್ಕೆ ಅರಿವೆ ಸುತ್ತಿ, ವಿಭೂತಿಯಲ್ಲಿ ಅದ್ದಿ ಮೂರು ಸಲ ಎಳೆದಿದ್ದಳು. ಹಗಲು ರಾತ್ರಿ ನಿದ್ದೆಯಿಲ್ಲದೆ ದುಡಿಯುವುದು ಈ ಮನೆಯಲ್ಲಿ ಇವೆರಡೇ, ಇವಕ್ಕೆ ಹಚ್ಚದೆ ಯಾರಿಗೆ ಹಚ್ಚಲಿ ಎಂಬುದು ಅವಳ ವಾದ. ಪರಸಪ್ಪ ಬೈಯುತ್ತ ಒದ್ದೆ ಬಟ್ಟೆ ತಂದು ಗಾಜು ಒರೆಸಿದ. ಕೊನೆಗೆ ಒಂದು ರಾಜಿಯಾಯಿತು. ಗಾಜು ಬಿಟ್ಟು ಅದರ ಮೇಲಿನ ತಗಡಿನ ಟೊಪ್ಪಿಗೆಗೆ ಕುಂಕುಮ ಹಚ್ಚುವುದು, ಚೆಂಡುಹೂವಿನ ಮಾಲೆಯನ್ನು ಕೊಳವೆಗೆ ಸುತ್ತುವುದು, ಒಂದು ನಿಂಬೆಹಣ್ಣು ಬುಡಕ್ಕಿಡುವುದು. ಎದುರುಗಡೆ ಜ್ಯೋತಿಬಾನೂ ತನ್ನ ಟೆಂಪೊಗೆ ಬಾಳೆಕಂಬ ಕಟ್ಟಿ, ಮಾಲೆ ಹಾಕಿ, ಕಾಯಿ ಒಡೆಯುತ್ತಿದ್ದ. ಹೋದ ವರ್ಷ ಆ ಕಾಯಿಯ ಒಂದು ಹೋಳು ಇತ್ತ ಬಂದಿತ್ತು.

ಆ ರಾತ್ರಿ ಧಡ್ ಎಂದಿತು. ಪರಸಪ್ಪನಿಗೆ ಎಚ್ಚರವಾಯಿತು, ಆದರೆ ಏಳಲಿಲ್ಲ. ದುಡ್ಡು ಕೊಟ್ಟು ತಂದ ಕಣ್ಣುಗಳು ಎಚ್ಚರವಾಗಿವೆಯಲ್ಲ, ತನಗೇನು ಎಂದು ಚಾದರ ಎಳೆದುಕೊಂಡ. ಕಂಬ ಬಿದ್ದದ್ದಕ್ಕೆ ಸಂತೋಷಪಟ್ಟ ಮನೆಯೊಡೆಯ ದಾಂಡೇಲಿಯಲ್ಲಿ ಅವನೊಬ್ಬನೇ ಇರಬೇಕು.

ಬೆಳಕು ಹರಿಯುವ ಮೊದಲೇ ಎದ್ದು, ಮಾಲವ್ವ ಹಿತ್ತಲಲ್ಲಿರುವಾಗ ಟಿವಿಯ ಮುಂದೆ ಕೂತ. ಚಿತ್ರವನ್ನು ಹಿಂದಕ್ಕೆ ತಂದ. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದು ಟೆಂಪೊ ಓಣಿಯೊಳಗೆ ಬಂತು, ದಾರಿಯಿಲ್ಲವೆಂದು ತಿಳಿದು ನಿಂತಿತು, ಹಿಂದಕ್ಕೆ ಸರಿಯಿತು, ಸರಿಯಿತು, ಕಂಬಕ್ಕೆ ಗುದ್ದಿತು. ತಾಡಪಾಲು, ಎಡಗಡೆಯ ಸತ್ತ ದೀಪ, ಎಲ್ಲ ಅದೇ. ನಂಬರಿನ ಕ್ಯಾಮೆರಾದಲ್ಲಿ ಗಾಡಿಯ ಹಿಂಭಾಗ ಒಂದು ಮೊಳ ದೂರದಲ್ಲಿ ಬಂದು ನಿಂತಿತ್ತು. ಪರಸಪ್ಪ ಮೂಗನ್ನು ಪರದೆಗೆ ಹಚ್ಚಿದ. ನಂಬರು ಪಟ್ಟಿಯ ಮೇಲೆ ಮೂರು ಬೆರಳಿನ ವಿಭೂತಿ. ವಿಭೂತಿಯ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ತೋಳಿನ ದಪ್ಪದ ಚೆಂಡುಹೂವಿನ ಮಾಲೆ. ಒಂದೊಂದು ಎಸಳನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಬಂದಿತ್ತು. ಖಂಡೇಪೂಜೆ ಆ ಗಾಡಿಗೂ ಆಗಿತ್ತು.

ಆಮೇಲೆ ಡ್ರೈವರು ಇಳಿದ. ಬಿದ್ದ ಕಂಬ ನೋಡಿದ, ಅತ್ತಿತ್ತ ನೋಡಿದ. ಕೊಳವೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಮಾಲೆ ಸುತ್ತಿಸಿಕೊಂಡು ಕೂತಿದ್ದ ಕ್ಯಾಮೆರಾವನ್ನು ಕಂಡು, ಯಾವುದೋ ದೇವರೆಂದು ಗಾಬರಿಯಾಗಿ ಚಪ್ಪಲಿ ಬಿಟ್ಟ. ಬಗ್ಗಿ ಕೈಮುಗಿದ, ಗಲ್ಲ ಗಲ್ಲ ಬಡಿದುಕೊಂಡ, ತಪ್ಪಾಯಿತು ಎಂದು ತುಟಿ ಆಡಿಸಿದ. ಗಾಜಿಗೆ ಅಷ್ಟು ಹತ್ತಿರ ಬಗ್ಗಿದ್ದರಿಂದ ಅವನ ಮುಖ ಪರದೆ ತುಂಬ ಬಂತು. ದಪ್ಪ ಮೀಸೆಯ, ಎಲ್ಲಿಯೂ ಕಾಣದ ಮುಖ. ಅವನು ಬಿದ್ದ ಇಟ್ಟಿಗೆಗಳನ್ನು ಒಂದರ ಮೇಲೊಂದು ಹೊಂದಿಸಿಟ್ಟು ಗಾಡಿ ಹತ್ತಿ ಹೋದ.

ಪರಸಪ್ಪ ಇನ್ನೊಂದು ಚಿತ್ರ ನೋಡಿದ, ಮಾಳಿಗೆಯ ಅಗಲ ನೋಟದ್ದು. ನಂಬರು ಹಿಡಿಯಲಾರದ್ದು ಎಂದು ಅವನು ಲೆಕ್ಕಕ್ಕೇ ಹಿಡಿಯದ ಕ್ಯಾಮೆರಾ ಅದು. ಅದರಲ್ಲಿ ಕಂಬ ಗುದ್ದುವ ಟೆಂಪೊ ಇತ್ತು. ಅದರಾಚೆ, ಓಣಿಯ ಆ ಬದಿಗೆ, ಬಾಳೆಕಂಬ ಕಟ್ಟಿಕೊಂಡ ಜ್ಯೋತಿಬಾನ ಟೆಂಪೊ ಮನೆಯ ಮುಂದೆ ಅಲ್ಲಾಡದೆ ನಿಂತಿತ್ತು. ಜೂನ್ ತಿಂಗಳಲ್ಲೂ ಅದು ಹೀಗೇ ನಿಂತಿದ್ದಿರಬೇಕು.

ಅವನಿಗೆ ಈಗ ಎಲ್ಲ ತಿಳಿಯಿತು. ಅವತ್ತು ಅವನು ನೋಡಿದ್ದು ಒಂದು ಕೆಂಪು ದೀಪ, ಒಂದು ನೀಲಿ ತಾಡಪಾಲು, ಅಷ್ಟೇ. ನಂಬರು ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ದಿನಾ ಎದುರಿಗೆ ಕಾಣುವ ಟೆಂಪೊದ ನಂಬರು ತಲೆಯಲ್ಲಿ ಸಿದ್ಧವಾಗಿತ್ತು, ಅದು ನಾಲಗೆಗೆ ಬಂತು. ಅಷ್ಟಕ್ಕೇ ಗಣಪತಿ ಟ್ರ್ಯಾಕ್ಟರು ಹತ್ತಿದ.

ಚಿತ್ರ ಅಳಿಸುವ ಗುಂಡಿ ಯಾವುದೆಂದು ಸುಭಾಷ ಹೇಳಿಕೊಟ್ಟಿದ್ದ. ಪರಸಪ್ಪನ ಹೆಬ್ಬೆರಳು ಅದರ ಮೇಲೆ ಹೋಗಿ ಕೂತಿತು. ನೋಡಿದವರು ಯಾರೂ ಇಲ್ಲ. ಹಿತ್ತಲಿನಿಂದ ಮಾಲವ್ವ, ಏನಾದರೂ ಬಂತೇನು ಎಂದು ಕೂಗಿದಳು. ಚೆಂಡುಹೂವು ಬಂತು ಎಂದ. ಅದು ಸುಳ್ಳಲ್ಲ. ಬೆರಳು ತೆಗೆದ, ಆದರೆ ಮಧ್ಯಾಹ್ನ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಸಂಜೆ ಬನ್ನಿ ಮುಡಿಯುವ ಹೊತ್ತು. ಬನ್ನಿ ಎಲೆ ಹಿಡಿದು ಚಿಕ್ಕವರು ಹಿರಿಯರ ಮನೆಗೆ ಹೋಗುವುದು, ಬಂಗಾರ ತಗೊಂಡು ಬಂಗಾರದಂಗ ಇರೂಣು ಎನ್ನುವುದು, ಕಾಲಿಗೆ ಬೀಳುವುದು ಪದ್ಧತಿ. ಪರಸಪ್ಪ ವರ್ಷವೂ ಕಟ್ಟೆಯ ಮೇಲೆ ಕೂತು ಬನ್ನಿ ಇಸಿದುಕೊಳ್ಳುತ್ತಿದ್ದ, ಮೊದಲು ಬರುವವನು ಜ್ಯೋತಿಬಾ. ಈ ಸಲ ಅವನು ನೇರ ಅಡಿವೆಯ್ಯನ ಅಂಗಡಿಗೆ ಹೋದ. ಪರಸಪ್ಪ ಎದ್ದ. ಹಿರಿಯನಾದವನು ಮುಷ್ಟಿಯಲ್ಲಿ ಬನ್ನಿ ಹಿಡಿದು ಚಿಕ್ಕವನ ಹಿಂದೆ ಹೋಗುವುದನ್ನು ಓಣಿ ಬಾಗಿಲಲ್ಲಿ ನಿಂತು ನೋಡಿತು. ಮಾಲವ್ವ ಟಿವಿಯಲ್ಲಿ ನೋಡಿದಳು, ನೋಡಿ ಹೊರಗೆ ಓಡಿ ಬಂದಳು.

ಮಾತು ಎಲ್ಲಿ ಬಾಯಿಂದ ಬಿದ್ದಿತ್ತೋ ಅಲ್ಲೇ ಅದನ್ನು ಎತ್ತಬೇಕಿತ್ತು. ಪರಸಪ್ಪ ಅಂಗಡಿಯಲ್ಲಿ ಎಲ್ಲರ ನಡುವೆ ನಿಂತ.

“ಜ್ಯೋತಿಬಾನ ಗಾಡಿ ನನ್ನ ಕಂಬಕ್ಕ ಹಾಯ್ದಿಲ್ಲ,” ಎಂದ. “ಅವತ್ತ ನಾ ನಂಬರ ನೋಡೇ ಇಲ್ಲ. ತಲ್ಯಾಗ ಇದ್ದದ್ದ ಹೇಳಿಬಿಟ್ಟೆ. ನನಗ ರಾತ್ರಿ ಕಣ್ಣ ಕಾಣೂದಿಲ್ಲ, ಎರಡ ವರ್ಷ ಆತು.”

ಅಡಿವೆಯ್ಯ ಚಹಾ ಸೋಸುತ್ತಿದ್ದವನು ಕೈ ನಿಲ್ಲಿಸಿ, ಹಾಗಾದರೆ ಮೂವತ್ತೊಂದು ವರ್ಷ ಗೇಟಿನಲ್ಲಿ ಬರೆದದ್ದೂ ತಲೆಯಿಂದಲೇ ಏನು ಎಂದು ಕೇಳಿದ. ಒಬ್ಬಿಬ್ಬರು ನಕ್ಕರು. ಪರಸಪ್ಪನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅವನು ಹೆದರಿದ್ದು ಇದಕ್ಕೇ.

ಜ್ಯೋತಿಬಾ ಗ್ಲಾಸು ಕೆಳಗಿಟ್ಟ.

“ಅಡಿವೆಯ್ಯ, ಆ ಮಾತ ಆಡಬ್ಯಾಡ. ಹನ್ನೆರಡ ವರ್ಷ ನಾ ಆ ಗೇಟಿಗೆ ಬಿದಿರ ತಂದೇನಿ. ಜಡಿಮಳ್ಯಾಗೂ ಇವರು ಬ್ಯಾಟರಿ ಹಿಡಕೊಂಡ ಗಾಡಿ ತನಕ ಬಂದ, ನಂಬರ ಮ್ಯಾಲಿನ ಕೆಸರ ಕೈಯಿಂದ ಒರಸಿ ಬರಕೊಂಡಾರ. ಒಂದ ದಿನ ತಪ್ಪಿಲ್ಲ.”

ಪರಸಪ್ಪ ಬನ್ನಿ ಹಿಡಿದ ಕೈ ಮುಂದೆ ಮಾಡಿದ. ಬಂಗಾರದ ಮಾತನ್ನು ಅರ್ಧ ಹೇಳಿದ. ಜ್ಯೋತಿಬಾ ಎಲೆ ಇಸಿದುಕೊಂಡು ಪದ್ಧತಿಯ ಪ್ರಕಾರ ಕಾಲಿಗೆ ಬಗ್ಗಿದ. ಎದ್ದವನು ಪರಸಪ್ಪನ ಕಣ್ಣುಗಳನ್ನು ಹತ್ತಿರದಿಂದ ನೋಡಿದ.

“ನಾಡದ್ದ ಮುಂಜಾನೆ ಹುಬ್ಬಳ್ಳಿಗೆ ಹೋಗಿ ಕಣ್ಣ ತೋರಿಸಿಕೊಂಡ ಬರೂಣು. ಐದಕ್ಕ ಕತ್ತಲಿದ್ದಾಗನ ಗಾಡಿ ತರ್ತೇನಿ, ಪರಸಣ್ಣ,” ಎಂದ. “ನಂಬರ ಓದಿ ಹತ್ರಿ.”

ಅಂಗಡಿಯೆಲ್ಲ ನಕ್ಕಿತು. ಪರಸಪ್ಪನೂ ನಕ್ಕ, ನಗುತ್ತಲೇ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. ಅಡಿವೆಯ್ಯ ಅವನ ಕೈಗೂ ಒಂದು ಚಹಾ ಕೊಟ್ಟ.